ಪಿನ್ನಿನ ದಾರಿ ಹಿಡಿಯಿರಿ: ಬೌಲಿಂಗ್ ಯಂತ್ರದ ಹಿಂದೆ ಕೆಲಸ ಕಲಿಯುವವರಿಗೆ

ಹೊಸ ಹುಡುಗ ಕೆಲಸಕ್ಕೆ ಸೇರಿದ ಮೊದಲ ದಿನ. ಶನಿವಾರ ಸಂಜೆ ಆರೂವರೆ, ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಹನ್ನೆರಡು ಲೇನ್‌ಗಳೂ ತುಂಬಿದ್ದವು. ಬಿದ್ದ ಪಿನ್ನುಗಳನ್ನು ಎತ್ತಿ ಮತ್ತೆ ನಿಲ್ಲಿಸುವ ಯಂತ್ರಗಳಲ್ಲಿ ಏಳನೆಯದು ಅರ್ಧ ಸುತ್ತಿನಲ್ಲೇ ನಿಂತುಬಿಟ್ಟಿತು. ಹುಡುಗ ಜೇಬಿನಿಂದ ಮಲ್ಟಿಮೀಟರ್ ತೆಗೆದು ವಿದ್ಯುತ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಲು ಹೊರಟ.

‘ಹತ್ತನೆಯ ಪಿನ್ ಎಲ್ಲಿದೆ?’ ಎಂದು ಕೇಳಿದೆ.

‘ನೋಡಲಿಲ್ಲ ಅಣ್ಣ.’

‘ಮೇಲಿನ ಬುಟ್ಟಿಯಲ್ಲಿ ಒಂಬತ್ತೇ ಇವೆ. ಸ್ವಿಚ್ ಆರಿಸಿ ಬಾ, ಆ ಒಂದನ್ನು ಹುಡುಕೋಣ.’

ಅದು ಎತ್ತುವ ಚಕ್ರದ ಬಾಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಬುಡದ ಪ್ಲಾಸ್ಟಿಕ್ ಬಳೆ ಬಿರಿದು ಒಂದು ತುಂಡು ಹೊರಗೆ ಚಾಚಿಕೊಂಡಿತ್ತು. ಆ ತುಂಡು ಚಕ್ರಕ್ಕೂ ಪಕ್ಕದ ತಗಡಿಗೂ ನಡುವೆ ಬೆಣೆಯಂತೆ ಕೂತಿತ್ತು. ಪಿನ್ ತೆಗೆದು ಬೇರೆಯದನ್ನು ಹಾಕಿ ಯಂತ್ರ ಓಡಿಸಲು ಎರಡು ನಿಮಿಷ ಸಾಕಾಯಿತು. ಆ ಪೆಟ್ಟಿಗೆ ಬಿಚ್ಚಿದ್ದರೆ ಅರ್ಧ ಗಂಟೆ ಹೋಗುತ್ತಿತ್ತು, ಜೊತೆಗೆ ಸರಿಯಿದ್ದ ಒಂದೆರಡು ತಂತಿಗಳೂ ಸಡಿಲವಾಗುತ್ತಿದ್ದವು. ಅಂದು ರಾತ್ರಿ ಆ ಹುಡುಗನಿಗೆ ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಬೌಲಿಂಗ್ ಆಡುವ ಜಾಗಗಳು ಎಷ್ಟೋ ಇವೆ, ಆದರೆ ಯಂತ್ರದ ಹಿಂದಿನ ಕೆಲಸವನ್ನು ಕನ್ನಡದಲ್ಲಿ ಹೇಳಿಕೊಡುವ ಒಂದು ಪುಟವೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಕಲಿತದ್ದು ಹಿರಿಯ ಮೆಕ್ಯಾನಿಕ್ ಒಬ್ಬರ ಬೆನ್ನ ಹಿಂದೆ ನಿಂತು. ಅದಕ್ಕೂ ಮುಂಚೆ ಐಟಿಐ ಫಿಟ್ಟರ್ ಮುಗಿಸಿ ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಆರು ವರ್ಷ ದುಡಿದಿದ್ದೆ.

ಮೊದಲು ಕೈ ಉಳಿಸಿಕೊಳ್ಳುವ ಮಾತು. ಈ ಯಂತ್ರ ಮನುಷ್ಯರ ಕೈಯನ್ನೂ ಪಿನ್ನನ್ನೂ ಬೇರೆ ಬೇರೆ ಎಂದು ತಿಳಿಯುವುದಿಲ್ಲ. ಹೊರ ದೇಶಗಳಲ್ಲಿ ಇದರೊಳಗೆ ಸಿಕ್ಕಿ ಜೀವ ಕಳೆದುಕೊಂಡವರಿದ್ದಾರೆ. ಆದ್ದರಿಂದ ಒಳಗೆ ಕೈ ಹಾಕುವ ಮುನ್ನ ಆ ಯಂತ್ರದ ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಬೇರೆಯವರ ಕೈಗೆ ಕೊಡಬೇಡಿ, ಮೇಜಿನ ಮೇಲೂ ಇಡಬೇಡಿ. ಮುಂದೆ ಲೇನಿನ ಬಾಯಿಗೆ ಅಡ್ಡ ಫಲಕ ಇಡಿಸಿ. ನೀವು ಲೇನಿನ ಕೊನೆಯಲ್ಲಿ ಬಾಲೂ ಪಿನ್ನೂ ಬೀಳುವ ಗುಂಡಿಯಲ್ಲಿ ಬಗ್ಗಿದ್ದಾಗ ಮುಂದಿನಿಂದ ಒಂದು ಮಗು ಬಾಲ್ ಬಿಟ್ಟರೆ ಏಳು ಕಿಲೋ ತೂಕ ನಿಮ್ಮ ತಲೆಯ ಕಡೆಗೇ ಬರುತ್ತದೆ. ದೊಡ್ಡ ಬಾಲ್ 16 ಪೌಂಡಿನದು. ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ: ಬಾಲನ್ನು ಹಿಂದಕ್ಕೆ ಕಳಿಸುವ ಸಾಧನ ಎರಡು ಲೇನಿಗೆ ಸೇರಿ ಒಂದೇ ಇರುತ್ತದೆ. ಏಳನೆಯ ಯಂತ್ರ ಆರಿಸಿದರೂ ಎಂಟನೆಯದರ ಸಲುವಾಗಿ ಅದು ಓಡುತ್ತಲೇ ಇರುತ್ತದೆ. ಅದರ ಬೆಲ್ಟಿನ ಹತ್ತಿರ ಕೆಲಸವಿದ್ದರೆ ಎರಡೂ ಯಂತ್ರ ಆರಿಸಲೇಬೇಕು.

ಉಂಗುರ, ವಾಚು, ಕೊರಳಿನ ಗುರುತಿನ ಚೀಟಿಯ ಪಟ್ಟಿ, ಇವೆಲ್ಲ ಪೆಟ್ಟಿಗೆಯಲ್ಲಿ ಇರಲಿ. ನಮ್ಮ ಹುಡುಗರ ವಿಷಯದಲ್ಲಿ ಇನ್ನೊಂದನ್ನು ಒತ್ತಿ ಹೇಳಬೇಕು: ಮಣಿಕಟ್ಟಿನ ದಾರ. ಧರ್ಮಸ್ಥಳಕ್ಕೆ, ಘಾಟಿಗೆ, ತಿರುಪತಿಗೆ ಹೋಗಿ ಬಂದವರ ಕೈಯಲ್ಲಿ ಕೆಂಪು, ಹಳದಿ, ಕಪ್ಪು ದಾರಗಳು ಇರುತ್ತವೆ. ದಾರ ಬಿಚ್ಚು ಎಂದು ಯಾರಿಗಾದರೂ ಹೇಳಲು ನನಗೂ ಮನಸ್ಸು ಬರುವುದಿಲ್ಲ. ಆದರೆ ಒದ್ದೆಯಾಗಿ ಒಣಗಿ ಗಟ್ಟಿಯಾದ ನೂಲಿನ ದಾರ ಕೈ ಎಳೆದರೂ ಹರಿಯುವುದಿಲ್ಲ, ಪುಲ್ಲಿಗೆ ಸುತ್ತಿಕೊಂಡರೆ ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಮೊಣಕೈಗಿಂತ ಮೇಲೆ, ತೋಳಿನ ಬಟ್ಟೆಯ ಒಳಗೆ ಕಟ್ಟಿಸಿಕೊಳ್ಳಿ ಎಂದು ಹೇಳುತ್ತೇನೆ. ಎಲ್ಲರೂ ಒಪ್ಪಿದ್ದಾರೆ. ಒಬ್ಬ ಹುಡುಗನ ತಾಯಿ ತಾವೇ ಬಿಚ್ಚಿ ಮೇಲೆ ಕಟ್ಟಿ ಕಳಿಸಿದರು.

ಇನ್ನು ಪಿನ್ನಿನ ದಾರಿ. ಇದನ್ನು ಬಾಯಿಪಾಠ ಮಾಡಿಕೊಳ್ಳುವುದಕ್ಕಿಂತ ಒಂದು ಕುರ್ಚಿ ಹಾಕಿಕೊಂಡು ಯಂತ್ರದ ಹಿಂದೆ ಒಂದು ಗಂಟೆ ಕೂತು ನೋಡುವುದು ಒಳ್ಳೆಯದು. ಒಂದು ಪಿನ್ನಿನ ಕುತ್ತಿಗೆಗೆ ಬಣ್ಣದ ಟೇಪ್ ಸುತ್ತಿ ಒಳಗೆ ಬಿಡಿ. ಅದೊಂದನ್ನೇ ಕಣ್ಣಿನಲ್ಲಿ ಹಿಂಬಾಲಿಸಿ.

ಬಾಲ್ ಲೇನಿನ ಕೊನೆಗೆ ಬರುವಾಗ ಅಡ್ಡಲಾಗಿ ಹಾಯುವ ಬೆಳಕಿನ ಗೆರೆಯನ್ನು ಕತ್ತರಿಸುತ್ತದೆ. ಅಲ್ಲಿಂದ ಯಂತ್ರದ ಲೆಕ್ಕ ಶುರು. ಪಿನ್ನುಗಳು ಬಿದ್ದು ಹೊರಳಿ ಸುಮ್ಮನಾಗಲು ಸ್ವಲ್ಪ ಹೊತ್ತು ಕಾಯುತ್ತದೆ. ಅಷ್ಟರಲ್ಲಿ ರೇಕ್, ಅಂದರೆ ಗುಡಿಸುವ ಅಡ್ಡ ಹಲಗೆ, ಮುಂದೆ ಇಳಿದು ಕಾವಲು ನಿಲ್ಲುತ್ತದೆ. ಮೇಲಿನಿಂದ ಡೆಕ್, ಅಂದರೆ ಪಿನ್ ಹಿಡಿದು ಇಡುವ ಚೌಕಟ್ಟು, ಇಳಿಯುತ್ತದೆ. ನಮ್ಮ ಯಂತ್ರದಲ್ಲಿ ಅದರ ಹೊಟ್ಟೆಯಲ್ಲಿ ಹತ್ತು ಜೊತೆ ಇಕ್ಕಳಗಳಿವೆ. ನಿಂತ ಪಿನ್ನುಗಳ ಕುತ್ತಿಗೆ ಹಿಡಿದು ಮೇಲಕ್ಕೆ ಎತ್ತುತ್ತದೆ. ಆಗ ರೇಕ್ ಬಿದ್ದವುಗಳನ್ನು ಹಿಂದಿನ ಗುಂಡಿಗೆ ತಳ್ಳುತ್ತದೆ. ಡೆಕ್ ಮತ್ತೆ ಇಳಿದು ಎತ್ತಿಕೊಂಡವುಗಳನ್ನು ಎತ್ತಿದ ಜಾಗದಲ್ಲೇ ಇಟ್ಟು ಹೋಗುತ್ತದೆ. ಎರಡನೆಯ ಬಾಲ್ ಆದ ಮೇಲೆ ಎತ್ತುವ ಕೆಲಸವಿಲ್ಲ. ಎಲ್ಲವನ್ನೂ ಗುಡಿಸಿ ಹೊಸ ಹತ್ತನ್ನು ಇಡುತ್ತದೆ.

ಆಟಗಾರರಿಗೆ ಕಾಣುವುದು ಅಷ್ಟೇ. ಗುಂಡಿಗೆ ಬಿದ್ದ ಪಿನ್ ಮುಂದೇನಾಗುತ್ತದೆ ಎಂಬುದು ನಮ್ಮ ಪಾಲಿನದು. ಗುಂಡಿಯ ನೆಲ ಅಲುಗುತ್ತಲೋ ಬೆಲ್ಟಿನಂತೆ ಸರಿಯುತ್ತಲೋ ಎಲ್ಲವನ್ನೂ ಹಿಂದಕ್ಕೆ ಸಾಗಿಸುತ್ತದೆ. ಬಾಲ್ ತನ್ನ ಭಾರದಿಂದ ಪಕ್ಕದ ಬಾಗಿಲಿಗೆ ಉರುಳಿ, ಓಡುವ ಬೆಲ್ಟಿಗೆ ಸಿಕ್ಕಿ, ಲೇನಿನ ಪಕ್ಕದ ಕಾಲುವೆಯಲ್ಲಿ ಮುಂದಕ್ಕೆ ಹೋಗುತ್ತದೆ. ಪಿನ್ನುಗಳು ದೊಡ್ಡ ಚಕ್ರದ ಗೂಡುಗಳಿಗೆ ಒಂದೊಂದಾಗಿ ಬಿದ್ದು ಮೇಲೇರುತ್ತವೆ. ಮೇಲೆ ಒಂದು ಬಾಗಿದ ತಟ್ಟೆ ಇದೆ. ಪಿನ್ನಿನ ಎತ್ತರ 15 ಇಂಚು, ಆದರೆ ಅದರ ತೂಕದ ನಡು ಬುಡದಿಂದ ಆರು ಇಂಚಿನ ಒಳಗೇ ಇರುತ್ತದೆ. ಹಾಗಾಗಿ ಹೇಗೇ ಬಿದ್ದರೂ ಬುಡವೇ ಮೊದಲು ಜಾರುತ್ತದೆ. ಒಂದು ಮೋಟರಿಲ್ಲ, ಒಂದು ಸೆನ್ಸರ್ ಇಲ್ಲ, ಬರೀ ತಟ್ಟೆಯ ಬಾಗು ಮತ್ತು ಪಿನ್ನಿನ ಭಾರ. ಇಷ್ಟು ವರ್ಷ ನೋಡಿದ ಮೇಲೂ ಅಲ್ಲಿ ನಿಂತರೆ ನನಗೆ ಕಣ್ಣು ಕೀಳಲಾಗುವುದಿಲ್ಲ. ಅಲ್ಲಿಂದ ಸಾಲಾಗಿ ದುಂಡನೆಯ ಬುಟ್ಟಿಗೆ ಹೋಗಿ, ಹತ್ತು ಗೂಡು ತುಂಬಿದ ಮೇಲೆ, ಡೆಕ್ ಕೇಳಿದಾಗ ಒಟ್ಟಿಗೆ ಅದರೊಳಗೆ ಇಳಿಯುತ್ತವೆ.

ಒಂದೊಂದು ಕಂಪನಿಯ ಯಂತ್ರದಲ್ಲಿ ಇದಕ್ಕೆ ಒಂದೊಂದು ರೂಪ. ಬುಟ್ಟಿಯ ಬದಲು ಅತ್ತಿತ್ತ ಓಲಾಡುವ ಬೆಲ್ಟ್ ಒಂದೊಂದು ಪಿನ್ನನ್ನೂ ಅದರದರ ಗೂಡಿಗೆ ಹಾಕುವ ಯಂತ್ರಗಳೂ ಇವೆ. ದಾರಿ ಮಾತ್ರ ಅದೇ: ಗುಂಡಿ, ಚಕ್ರ, ತಿರುವು, ಗೂಡು, ಡೆಕ್. ಯಂತ್ರ ನಿಂತಾಗ ಗುಂಡಿಯಿಂದ ಶುರುಮಾಡಿ ಇದೇ ಕ್ರಮದಲ್ಲಿ ಟಾರ್ಚ್ ಹಿಡಿದು ನೋಡುತ್ತಾ ಹೋಗಿ. ಪಿನ್ ಎಲ್ಲಿ ನಿಂತಿದೆಯೋ ತೊಂದರೆ ಅಲ್ಲಿ, ಇಲ್ಲವೇ ಅದರ ಒಂದು ಹೆಜ್ಜೆ ಮುಂದೆ. ಅಲ್ಲಿ ಏನೂ ಕಾಣದಿದ್ದರೆ ಮಾತ್ರ ತಂತಿಯ ಕಡೆ ಹೋಗಿ.

ಈ ಯಂತ್ರ ಬರುವ ಮೊದಲು ಅಮೆರಿಕದಲ್ಲಿ ಈ ಇಡೀ ದಾರಿಯನ್ನು ಹುಡುಗರು ಕೈಯಿಂದ ಮಾಡುತ್ತಿದ್ದರು. ಗುಂಡಿಯ ಮೇಲಿನ ಕಟ್ಟೆಯಲ್ಲಿ ಕಾಲು ಎತ್ತಿ ಕೂತು, ಬಾಲ್ ಬಂದು ಬಡಿದ ಮೇಲೆ ಇಳಿದು, ಪಿನ್ ಜೋಡಿಸಿ, ಬಾಲನ್ನು ಹಿಂದಕ್ಕೆ ಉರುಳಿಸಿ ಮತ್ತೆ ಹತ್ತಬೇಕು. ಲಗೋರಿ ಆಡಿದವರಿಗೆ ಗೊತ್ತು, ಚೆಲ್ಲಾಪಿಲ್ಲಿಯಾದ ಏಳು ಕಲ್ಲನ್ನು ಮತ್ತೆ ಪೇರಿಸುವಾಗ ಬೆನ್ನಿಗೆ ಯಾವಾಗ ಚೆಂಡು ಬೀಳುತ್ತದೋ ಎಂಬ ಭಯ. ಆ ಹುಡುಗರಿಗೆ ರಾತ್ರಿಯಿಡೀ ಅದೇ, ಅದೂ ಮರದ ಪಿನ್ನು, ಭಾರದ ಬಾಲ್. ಗಾಟ್‌ಫ್ರೀಡ್ ಸ್ಮಿತ್ ಎಂಬಾತ ರೂಪಿಸಿದ ಯಂತ್ರದ ಹಕ್ಕನ್ನು ಎಎಂಎಫ್ ಕಂಪನಿ ಕೊಂಡು, 1946ರಲ್ಲಿ ಬಫಲೋ ನಗರದಲ್ಲಿ ಜನರ ಮುಂದೆ ಓಡಿಸಿ ತೋರಿಸಿತು. ಅದು ಪಕ್ವವಾಗಿ ಅಂಗಡಿಗಳಿಗೆ ಬರುವಷ್ಟರಲ್ಲಿ 1950ರ ದಶಕ ಬಂದಿತ್ತು. ಆಮೇಲೆ ಬ್ರನ್ಸ್‌ವಿಕ್ ಕೂಡ ತನ್ನ ಯಂತ್ರ ತಂದಿತು. ನಾನು ಹುಡುಗರಿಗೆ ಇದನ್ನು ಹೇಳುವುದು ಒಂದು ಕಾರಣಕ್ಕೆ: ಈ ಯಂತ್ರದ ಒಂದೊಂದು ಭಾಗವೂ ಒಬ್ಬ ಹುಡುಗನ ಕೈಯೋ ಕಾಲೋ ಮಾಡುತ್ತಿದ್ದ ಕೆಲಸ. ಹಾಗೆ ನೋಡಿದರೆ ಯಾವ ಭಾಗ ಏಕಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಬೆಳಗಿನ ಕೆಲಸಕ್ಕೆ ಬರೋಣ. ಮಾಲ್ ಬಾಗಿಲು ತೆರೆಯುವ ಒಂದೂವರೆ ಗಂಟೆ ಮೊದಲು ನಾನು ಹಿಂದೆ ಇರುತ್ತೇನೆ. ಕೈಯಲ್ಲಿ ಟಾರ್ಚ್, ಒಂದು ಹಿಡಿ ಬನಿಯನ್ ವೇಸ್ಟ್, ಒಂದು ಪೇಂಟ್ ಬ್ರಷ್. ಯಂತ್ರ ಆರಿಸಿರುವಾಗಲೇ ಗುಂಡಿಯ ಕಸ ತೆಗೆಯಬೇಕು. ಲೇನಿಗೆ ಹಚ್ಚುವ ಎಣ್ಣೆ ಬಾಲಿಗೆ ಅಂಟಿ ಹಿಂದೆ ಬರುತ್ತದೆ. ಪಿನ್ನಿನ ಸಿಪ್ಪೆ, ಬೆಲ್ಟಿನ ಪುಡಿ, ಧೂಳು ಎಲ್ಲ ಅದರೊಂದಿಗೆ ಕಲಸಿ ಕಾಡಿಗೆಯಂಥ ಮಣ್ಣಾಗುತ್ತದೆ. ಬೆರಳಿನಲ್ಲಿ ತಿಕ್ಕಿ ನೋಡಿ: ಮೊದಲು ಜಾರುತ್ತದೆ, ಆಮೇಲೆ ಮರಳಿನಂತೆ ಕೊರೆಯುತ್ತದೆ. ಬೇರಿಂಗನ್ನು ತಿನ್ನುವುದು ಇದೇ. ಚಕ್ರದ ಗೂಡುಗಳಲ್ಲಿ, ಬಾಲಿನ ಬಾಗಿಲ ಸಂದಿಯಲ್ಲಿ, ರೇಕಿನ ಕೆಳ ಅಂಚಿನಲ್ಲಿ ಇದು ಹೆಚ್ಚು ಸೇರುತ್ತದೆ.

ಬೆಳಕಿನ ಸೆನ್ಸರಿನ ಗಾಜನ್ನು ಒಣ ಹತ್ತಿ ಬಟ್ಟೆಯಿಂದ ದಿನವೂ ಒರೆಸಿ, ಎದುರಿನದನ್ನೂ ಸೇರಿಸಿ. ಬಾಲ್ ಹೋದರೂ ಯಂತ್ರ ಏಳದಿದ್ದರೆ, ಇಲ್ಲವೇ ಬಾಲ್ ಇಲ್ಲದೆಯೇ ತಾನಾಗಿ ಸುತ್ತಿದರೆ ಮೊದಲು ನೋಡಬೇಕಾದದ್ದು ಇದನ್ನೇ. ಹುಟ್ಟುಹಬ್ಬದ ಗುಂಪು ಇದ್ದ ದಿನ ಬಲೂನ್ ಉರುಳಿಹೋಗಿ ಯಂತ್ರ ಎರಡು ಮೂರು ಸಲ ಸುಮ್ಮನೆ ಸುತ್ತಿದ್ದನ್ನು ನೋಡಿದ್ದೇನೆ.

ಆಮೇಲೆ ಬೆಲ್ಟುಗಳು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ. ಅರ್ಧ ಇಂಚಿನಷ್ಟು ಬಗ್ಗಿದರೆ ನಮ್ಮ ಚಿಕ್ಕ ಬೆಲ್ಟುಗಳಿಗೆ ಸರಿ. ಹೆಚ್ಚು ಬಿಗಿದರೆ ಬೆಲ್ಟ್ ಜಾರುವುದಿಲ್ಲ ಎಂದು ಹೊಸಬರು ಬಿಗಿಯುತ್ತಾರೆ. ಬೆಲ್ಟ್ ಉಳಿಯುತ್ತದೆ, ಬೇರಿಂಗ್ ಹೋಗುತ್ತದೆ. ಒಳಬದಿಯನ್ನು ತಿರುಗಿಸಿ ನೋಡಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ, ಅಡ್ಡ ಬಿರುಕು ಇದ್ದರೆ ಆ ವಾರವೇ ಬದಲಿಸಿ. ಬಾಲ್ ಓಡಿಸುವ ಬೆಲ್ಟಿಗೆ ಎಣ್ಣೆ ಹಿಡಿದರೆ ಬಾಲ್ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಪೆಟ್ರೋಲ್ ಬೇಡ. ಒಳಗೆ ಗಾಳಿಯಾಡುವುದಿಲ್ಲ, ಕಿಡಿ ಹಾರುವ ಸ್ವಿಚ್ಚುಗಳಿವೆ.

ಗ್ರೀಸ್ ವಿಷಯದಲ್ಲಿ ನನ್ನ ಗುರುಗಳು ಬಹಳ ಕಟ್ಟುನಿಟ್ಟು. ಹೊಸ ಗ್ರೀಸ್ ಒಳಗೆ ಹೋಗಿ ಹಳೆಯದು ಅಂಚಿನಲ್ಲಿ ಸ್ವಲ್ಪ ಇಣುಕಿದರೆ ನಿಲ್ಲಿಸಿ, ಇಣುಕಿದ್ದನ್ನು ಒರೆಸಿಬಿಡಿ. ಹೆಚ್ಚಾದ ಗ್ರೀಸ್ ಪಿನ್ನಿಗೆ ಹತ್ತುತ್ತದೆ, ಪಿನ್ನಿನಿಂದ ಲೇನಿಗೆ, ಲೇನಿನಿಂದ ಬಾಲಿಗೆ. ಆಟಗಾರನ ಕೈಯಲ್ಲಿ ಕಪ್ಪು ಮೆತ್ತಿಕೊಂಡರೆ ಅದು ನಾವು ಹಿಂದೆ ಮಾಡಿದ ತಪ್ಪು.

ಇಷ್ಟಾದ ಮೇಲೆ ಜಾಗ ಬಿಟ್ಟು ನಿಂತು, ಒಂದೊಂದೇ ಯಂತ್ರವನ್ನು ಎರಡು ಸುತ್ತು ಓಡಿಸಿ, ಕಣ್ಣು ಮುಚ್ಚಿ ಕೇಳಿ. ಆರೋಗ್ಯವಾಗಿರುವ ಯಂತ್ರಕ್ಕೆ ಒಂದು ತಾಳ ಇರುತ್ತದೆ. ರೇಕ್ ಇಳಿಯುವ ‘ಧಡ್’, ಡೆಕ್ಕಿನ ಗುಂಯ್‌ಗುಡುವಿಕೆ, ಪಿನ್ ತಟ್ಟೆಗೆ ಬೀಳುವ ‘ಟಕ್’. ಒಂದು ತಿಂಗಳಲ್ಲಿ ನಿಮಗೆ ಹನ್ನೆರಡು ಯಂತ್ರಗಳ ದನಿಯೂ ಬೇರೆ ಬೇರೆಯಾಗಿ ತಿಳಿಯುತ್ತದೆ. ಕೀಚು ದನಿ ಇದ್ದರೆ ಬೆಲ್ಟ್. ಗರಗರ ಎಂದು ಒಂದೇ ಸಮನೆ ಇದ್ದರೆ ಬೇರಿಂಗ್. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ‘ಕಟ್’ ಎಂದರೆ ಸಡಿಲವಾದ ಬೋಲ್ಟ್ ಇಲ್ಲವೇ ಸವೆದ ಪಿನ್ನಿನ ಗೂಡು.

ಪಿನ್ ಸರಿಯಾದ ಚುಕ್ಕೆಯ ಮೇಲೆ ಕೂರದಿದ್ದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಹತ್ತೂ ಒಂದೇ ಕಡೆಗೆ ಸರಿದಿವೆಯೋ, ಒಂದೇ ಪಿನ್ ಸರಿದಿದೆಯೋ? ಎರಡು ಪಿನ್ನಿನ ನಡುವಿನ ಅಂತರ, ನಡುವಿನಿಂದ ನಡುವಿಗೆ, 12 ಇಂಚು ಇರಬೇಕು. ಹತ್ತೂ ಒಟ್ಟಿಗೆ ಸರಿದಿದ್ದರೆ ಡೆಕ್ ಪಕ್ಕಕ್ಕೆ ಹೋಗಿದೆ, ಅದರ ಹೊಂದಿಕೆಯ ಬೋಲ್ಟಿಗೆ ಹೋಗಿ. ಒಂದೇ ಸರಿದಿದ್ದರೆ ಡೆಕ್ಕಿನ ತಂಟೆಗೆ ಹೋಗಲೇಬೇಡಿ. ಆ ಒಂದು ಪಿನ್ನಿನ ಹಿಡಿಕೆ ಸವೆದಿದೆ ಅಥವಾ ಬಾಗಿದೆ. ಒಂದು ಹಿಡಿಕೆಯ ತಪ್ಪಿಗೆ ಇಡೀ ಡೆಕ್ ಹೊಂದಿಸಲು ಹೋಗಿ ಉಳಿದ ಒಂಬತ್ತನ್ನೂ ಕೆಡಿಸಿದ ಒಂದು ರಾತ್ರಿ ನನ್ನದೂ ಇದೆ. ಮಧ್ಯರಾತ್ರಿ ದಾಟಿತು, ಮೆಟ್ರೋ ತಪ್ಪಿತು, ಯಂತ್ರಗಳ ಕೋಣೆಯಲ್ಲೇ ರಟ್ಟು ಹಾಸಿ ಮಲಗಿದೆ.

ಪಿನ್ ನಿಂತೇ ಇದ್ದು ತನ್ನ ಚುಕ್ಕೆಯಿಂದ ದೂರ ಜಾರಿದರೆ ಇಕ್ಕಳದ ಅಳತೆಗೆ ಸಿಗುವುದಿಲ್ಲ. ಡೆಕ್ ಅದರ ತಲೆಯ ಮೇಲೆ ಕೂರುತ್ತದೆ, ಯಂತ್ರ ನಿಲ್ಲುತ್ತದೆ. ಇದು ಕೆಟ್ಟದ್ದಲ್ಲ, ಹಾಗೆ ನಿಲ್ಲುವಂತೆಯೇ ಮಾಡಿದ್ದಾರೆ. ಇಲ್ಲಿ ನೀವು ಆಟದ ನಿಯಮವನ್ನೂ ತಿಳಿದಿರಬೇಕು. ಬಾಲ್ ಹೊಡೆದು ಜಾರಿದ ಪಿನ್ ಜಾರಿದ ಜಾಗದಲ್ಲೇ ಇರಬೇಕು, ನೀವು ಅದನ್ನು ಚುಕ್ಕೆಗೆ ತಂದಿಡುವಂತಿಲ್ಲ. ಯಂತ್ರ ತಗುಲಿ ಬಿದ್ದ ಪಿನ್ ಆಟಗಾರನ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಮತ್ತೆ ನಿಲ್ಲಿಸಬೇಕು. ಪಂದ್ಯಗಳ ದಿನ ಇದರಿಂದ ಗೆಲುವು ಸೋಲು ಅದಲುಬದಲಾಗುತ್ತದೆ. ಹಿಂದೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಈಗ ವಿದ್ಯುತ್ತು. ಒಂದು ಯಂತ್ರಕ್ಕೆ ಕಾಯಿಲೆ ಬಂದರೆ ಆ ಯಂತ್ರದಲ್ಲಿ ಹುಡುಕಿ. ಜೋಡಿ ಲೇನ್‌ಗಳಿಗೆ ಒಟ್ಟಿಗೆ ಬಂದರೆ ಎರಡಕ್ಕೂ ಸೇರಿದ ಬಾಲಿನ ದಾರಿಯಲ್ಲಿ ಹುಡುಕಿ. ಎಲ್ಲ ಯಂತ್ರಗಳಿಗೂ ಒಟ್ಟಿಗೆ ಬಂದರೆ ಯಂತ್ರಗಳನ್ನು ಮುಟ್ಟಬೇಡಿ, ಕರೆಂಟ್ ಬರುವ ದಾರಿ ನೋಡಿ.

ಇದನ್ನು ನಾನು ಕಲಿತದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಕರೆಂಟ್ ಪದೇ ಪದೇ ಹೋಗುತ್ತಿದ್ದ ದಿನಗಳು. ಕಟ್ಟಡದ ಜನರೇಟರಿನ ರಿಪೇರಿ ಮುಗಿಸಿ ಯಾರೋ ಹೊರಗಿನವರು ತಂತಿ ಮರುಜೋಡಿಸಿ ಹೋಗಿದ್ದರು. ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು, ಜನರೇಟರ್ ಏರಿತು, ದೀಪ ಬಂತು. ಹಿಂದಿನಿಂದ ಎಂದೂ ಕೇಳದ ಸದ್ದು. ಓಡಿಹೋಗಿ ನೋಡಿದರೆ ಹನ್ನೆರಡೂ ಚಕ್ರಗಳು ಉಲ್ಟಾ ತಿರುಗುತ್ತಿದ್ದವು. ಮೇಲೇರಬೇಕಾದ ಪಿನ್ನುಗಳನ್ನು ವಾಪಸ್ ಗುಂಡಿಗೆ ಎಸೆಯುತ್ತಿದ್ದವು. ಮುಖ್ಯ ಸ್ವಿಚ್ ಕೆಳಗೆ ಎಳೆದೆ. ತ್ರೀ ಫೇಸ್ ಮೋಟರಿನಲ್ಲಿ ಮೂರು ಫೇಸಿನ ಪೈಕಿ ಯಾವ ಎರಡು ಅದಲುಬದಲಾದರೂ ಮೋಟರ್ ಹಿಮ್ಮುಖ ತಿರುಗುತ್ತದೆ. ಜನರೇಟರಿನ ಕಡೆ ಹಾಗೆ ಆಗಿತ್ತು. ಎರಡು ತಂತಿ ಬದಲಿಸಿದ ಕೂಡಲೇ ಸರಿಹೋಯಿತು, ಆದರೆ ಮೂರು ಯಂತ್ರಗಳಲ್ಲಿ ಬಾಗಿದ ತಗಡು ನೆಟ್ಟಗೆ ಮಾಡಲು ಎರಡು ದಿನ ಹಿಡಿಯಿತು. ಅದಾದ ಮೇಲೆ ಫೇಸ್ ಕ್ರಮ ತಪ್ಪಿದರೆ ಕರೆಂಟನ್ನೇ ಬಿಡದ ರಿಲೇ ಒಂದನ್ನು ಎಸ್.ಪಿ. ರಸ್ತೆಯಿಂದ ತಂದು ಹಾಕಿಸಿದೆ. ಜನರೇಟರ್ ಇರುವ ಯಾವ ಬೌಲಿಂಗ್ ಜಾಗದಲ್ಲೂ ಇದು ಇರಲೇಬೇಕು. ಬೆಲೆ ಒಂದು ಒಳ್ಳೆಯ ಬಾಲಿಗಿಂತ ಕಡಿಮೆ.

ಮೋಟರ್ ತಿರುಗದೆ ಬರೀ ಗುಂಯ್ ಎನ್ನುತ್ತಿದ್ದರೆ ಒಂದು ಫೇಸ್ ಇಲ್ಲ ಎಂದು ತಿಳಿಯಿರಿ. ತಕ್ಷಣ ಆರಿಸಿ, ಇಲ್ಲವಾದರೆ ಸುಟ್ಟ ವಾರ್ನಿಷಿನ ವಾಸನೆ ಬರಲು ಹೆಚ್ಚು ಹೊತ್ತು ಬೇಡ.

ಹಳೆಯ ಯಂತ್ರಗಳನ್ನು ಅಮೆರಿಕದಿಂದ ತರಿಸಿದ ಕಡೆ ಕೆಲಸಕ್ಕೆ ಹೋದರೆ ಮೋಟರಿನ ಫಲಕ ಮೊದಲು ಓದಿ. ಅಲ್ಲಿಯ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಅಲ್ಲಿ ನಿಮಿಷಕ್ಕೆ 1725 ಸುತ್ತುವ ಮೋಟರ್ ಇಲ್ಲಿ 1440ರ ಆಸುಪಾಸು ಸುತ್ತುತ್ತದೆ, ಆರರಲ್ಲಿ ಒಂದು ಪಾಲು ನಿಧಾನ. ಯಂತ್ರದ ತಾಳವೇ ತಪ್ಪುತ್ತದೆ. ಮೋಟರಿನ ಮೇಲಿನ ಪುಲ್ಲಿಯನ್ನು ಅದೇ ಲೆಕ್ಕದಲ್ಲಿ ದೊಡ್ಡದು ಮಾಡಬೇಕು: ಐದು ಇಂಚು ಇದ್ದ ಕಡೆ ಆರು. ಬೆಲ್ಟ್ ಕೂಡ ಅದಕ್ಕೆ ತಕ್ಕಂತೆ ಉದ್ದವಾಗಬೇಕು. ಪೀಣ್ಯದಲ್ಲಿ ಅಳತೆ ಕೊಟ್ಟರೆ ಎರಡು ದಿನದಲ್ಲಿ ಕಡೆದು ಕೊಡುತ್ತಾರೆ. ಫಲಕದ ಮೇಲಿನ ವೋಲ್ಟೇಜ್ ನಮ್ಮದಕ್ಕೆ ಹೊಂದುತ್ತದೆಯೇ ಎಂಬುದನ್ನೂ ನೋಡದೆ ಜೋಡಿಸಬೇಡಿ.

ಬಿಡಿಭಾಗಗಳ ಬಗ್ಗೆ ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಎಲ್ಲವನ್ನೂ ಹೊರ ದೇಶದಿಂದಲೇ ತರಿಸಬೇಕು ಎಂಬುದು ನಿಜವಲ್ಲ. ಬೇರಿಂಗಿನ ಪಕ್ಕದಲ್ಲಿ ನಂಬರ್ ಕೆತ್ತಿರುತ್ತದೆ. 6204 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. 20 ಮಿಲಿಮೀಟರ್ ದಪ್ಪದ ಶಾಫ್ಟಿಗೆ ಕೂರುವಂಥದ್ದು. 04ರಿಂದ ಮೇಲೆ ಈ ಲೆಕ್ಕ ನಡೆಯುತ್ತದೆ. 6203 ಮಾತ್ರ 17 ಮಿಲಿಮೀಟರ್. ನಂಬರಿನ ಕೊನೆಗೆ ಝಡ್‌ಝಡ್ ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನದು. ಗುಂಡಿಯ ಹತ್ತಿರದ ಧೂಳಿಗೆ ನಾನು ರಬ್ಬರಿನದನ್ನೇ ಹಾಕುತ್ತೇನೆ. ಈ ನಂಬರ್ ಹಿಡಿದು ಎಸ್.ಜೆ.ಪಿ. ರಸ್ತೆಗೆ ಹೋದರೆ ಹತ್ತು ನಿಮಿಷದ ಕೆಲಸ. ವಿ-ಬೆಲ್ಟ್, ಸರ್ಕ್ಲಿಪ್, ಸ್ಪ್ರಿಂಗ್, ಮೈಕ್ರೋಸ್ವಿಚ್, ಇವೂ ಊರಲ್ಲೇ ಸಿಗುತ್ತವೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಡೆಕ್ಕಿನ ಹಿಡಿಕೆ, ಚಕ್ರದ ಗೂಡು, ಗೇರ್‌ಬಾಕ್ಸಿನ ಒಳಗಿನ ಹಲ್ಲುಗಳ ವಿಷಯದಲ್ಲಿ ಮಾತ್ರ ತಯಾರಕರದೇ ಭಾಗ ಬೇಕು. ಅಲ್ಲಿ ಉಳಿಸಿದ ಹಣ ಎರಡರಷ್ಟಾಗಿ ಹೋಗುತ್ತದೆ.

ಪಿನ್ನುಗಳನ್ನೂ ಯಂತ್ರದ ಭಾಗವೆಂದೇ ನೋಡಿಕೊಳ್ಳಿ. ಒಳಗೆ ಮೇಪಲ್ ಮರ, ಮೇಲೆ ಪ್ಲಾಸ್ಟಿಕ್ ಹೊದಿಕೆ. ತೂಕ 1.53ರಿಂದ 1.64 ಕಿಲೋ ಒಳಗಿರಬೇಕು. ಅಡುಗೆಮನೆಯ ತಕ್ಕಡಿ ಸಾಕು. ಎರಡು ಪಿನ್ನುಗಳ ಹೊಟ್ಟೆಗೆ ಹೊಟ್ಟೆ ತಾಗಿಸಿ ಮೆಲ್ಲಗೆ ಬಡಿಯಿರಿ. ತೆಂಗಿನಕಾಯಿ ಆರಿಸುವಾಗ ತಟ್ಟಿ ಕೇಳುವ ಹಾಗೆಯೇ. ಗಟ್ಟಿ ಪಿನ್ ಕಣಕಣ ಎನ್ನುತ್ತದೆ, ಒಳಗೆ ಬಿರುಕು ಬಿಟ್ಟದ್ದು ಮಂಕಾಗಿ ‘ತಟ್’ ಎನ್ನುತ್ತದೆ. ಬುಡದ ಬಳೆಯ ಸುತ್ತ ಉಗುರು ಓಡಿಸಿ. ಉಗುರು ಸಿಕ್ಕಿಕೊಂಡರೆ ಪಕ್ಕಕ್ಕಿಡಿ. ಕುತ್ತಿಗೆ ಸವೆದ ಪಿನ್ ತಟ್ಟೆಯ ಮೇಲೆ ತಲೆಕೆಳಗಾಗಿ ಜಾರುವುದೂ ಉಂಟು. ಒಂದು ಯಂತ್ರದಲ್ಲಿ ಹೊಸದು ಹಳೆಯದು ಬೆರೆಸಬೇಡಿ, ಇಡೀ ಗುಂಪನ್ನೇ ಬದಲಿಸಿ.

ಆಯುಧಪೂಜೆಯ ದಿನ ನಮ್ಮಲ್ಲಿ ಹನ್ನೆರಡು ಯಂತ್ರಗಳಿಗೂ ಪೂಜೆ. ಹಿಂದಿನ ದಿನವೇ ಎಲ್ಲವನ್ನೂ ತೊಳೆದು ಒರೆಸಿ, ಬಾಗಿಲಿಗೆ ಬಾಳೆಕಂಬ ಕಟ್ಟಿ, ಮಾವಿನ ತೋರಣ ಹಾಕುತ್ತೇವೆ. ಅಂದು ಕಡ್ಡಾಯವಾಗಿ ಪಾಲಿಸುವ ಒಂದು ಕ್ರಮವಿದೆ: ಅರಿಶಿನ ಕುಂಕುಮ ಕಬ್ಬಿಣದ ಚೌಕಟ್ಟಿಗೆ ಮಾತ್ರ, ನೀರಿನಲ್ಲಿ ಕಲಸಿ ಬೊಟ್ಟಿಟ್ಟು. ಪುಡಿಯಾಗಿ ಎರಚುವಂತಿಲ್ಲ. ಒಂದು ವರ್ಷ ಎರಚಿದ ಕುಂಕುಮ ಸೆನ್ಸರಿನ ಗಾಜಿನ ಮೇಲೆ ಕೂತು, ಹಬ್ಬದ ರಜೆಯ ಜನಸಂದಣಿಯಲ್ಲಿ ನಾಲ್ಕನೆಯ ಯಂತ್ರ ಬಾಲನ್ನೇ ಕಾಣದಂತಾಯಿತು. ಹೂವಿನ ಹಾರ ತಿರುಗುವ ಭಾಗದಿಂದ ಒಂದು ಮೊಳ ದೂರ. ಬೂದುಗುಂಬಳ ಒಡೆಯುವುದು ಹೊರಗೆ, ಸರಕು ಇಳಿಸುವ ಕಟ್ಟೆಯ ಹತ್ತಿರ, ಮತ್ತು ಒಡೆದವರೇ ಗುಡಿಸಬೇಕು.

ಈಗ ಊರಿನ ಹಲವು ಕಡೆ ದಾರದ ಯಂತ್ರಗಳು ಬರುತ್ತಿವೆ. ಪ್ರತಿ ಪಿನ್ನಿನ ತಲೆಗೂ ಒಂದು ದಾರ, ಎಳೆದು ಎತ್ತಿ ಇಳಿಸಿದರೆ ಮುಗಿಯಿತು. ಚಕ್ರವಿಲ್ಲ, ಬುಟ್ಟಿಯಿಲ್ಲ, ಕರೆಂಟ್ ಕಡಿಮೆ. ಅಮೆರಿಕದ ಬೌಲಿಂಗ್ ಸಂಸ್ಥೆ 2023ರಲ್ಲಿ ಅದನ್ನು ಬೇರೆಯದೇ ವಿಭಾಗವಾಗಿ ಮಾನ್ಯ ಮಾಡಿತು. ಅಲ್ಲಿ ಮುಖ್ಯ ತೊಂದರೆ ದಾರಗಳು ಸಿಕ್ಕಾಗುವುದು. ಯಂತ್ರ ತಾನೇ ಎತ್ತಿ ಇಳಿಸಿ ಬಿಡಿಸಲು ನೋಡುತ್ತದೆ. ಆಗದಿದ್ದರೆ ಆರಿಸಿ ಕೈಯಿಂದ ಬಿಡಿಸಬೇಕು. ಪಿನ್ನಿನ ತಲೆಯ ಹತ್ತಿರ ದಾರ ಜೂಲು ಬಿಟ್ಟಿದೆಯೇ ಎಂದು ದಿನವೂ ನೋಡಿ. ಪಿನ್ ಬೀಳುವ ರೀತಿ, ಸದ್ದು ಎರಡೂ ಬೇರೆ. ನನಗೆ ಬಿಡುಬೀಸಾಗಿ ಹಾರುವ ಪಿನ್ನೇ ಇಷ್ಟ. ಆದರೆ ಆ ಯಂತ್ರದ ಕೆಲಸವನ್ನೂ ಕಲಿತಿದ್ದೇನೆ, ನೀವೂ ಕಲಿಯಿರಿ.

ರಾತ್ರಿ ಮುಚ್ಚುವಾಗ ಪ್ರತಿ ಯಂತ್ರದ ಪಿನ್ ಎಣಿಸಿ. ನಮ್ಮದರಲ್ಲಿ ತಲಾ 20, ಕೆಲವು ಯಂತ್ರಗಳು 21 ಕೇಳುತ್ತವೆ. ಎಣಿಕೆಯನ್ನೂ ಅಂದು ನಿಂತ ಯಂತ್ರದ ನಂಬರನ್ನೂ ನಿಂತಾಗ ಪಿನ್ ಎಲ್ಲಿತ್ತು ಎಂಬುದನ್ನೂ ಡೈರಿಯಲ್ಲಿ ಬರೆಯಿರಿ. ಒಂದು ವಾರದಲ್ಲಿ ಮೂರು ಸಲ ‘ಚಕ್ರದ ಬಾಯಿ’ ಎಂದು ಬಂದರೆ ಆ ಯಂತ್ರವನ್ನು ಸೋಮವಾರ ಬೆಳಿಗ್ಗೆ ಬಿಚ್ಚಬೇಕು ಎಂದರ್ಥ. ಮೊನ್ನೆ ಏಳನೆಯದರಲ್ಲಿ 19 ಬಂತು. ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದೆ. ಹುಡುಗ ಏನೂ ಹೇಳದೆ ಸ್ವಿಚ್ ಆರಿಸಿ, ಬೀಗ ಹಾಕಿ, ಕೀಲಿ ಜೇಬಿಗಿಟ್ಟು, ಟಾರ್ಚ್ ಹಿಡಿದು ಗುಂಡಿಯ ಕಡೆಯಿಂದ ಶುರುಮಾಡಿದ. ಗುಂಡಿಯ ಹಿಂದಿನ ಮೆತ್ತೆಯ ಪರದೆಯ ಕೆಳಗೆ, ಮೂಲೆಯಲ್ಲಿ, ಇಪ್ಪತ್ತನೆಯದು ಸಿಕ್ಕಿತು.